ಗುಡಿಸಿದ ಕಾಳು: ಮಾತಿನ ಬೇರು ಹುಡುಕುವ ಕಾವ್ಯದ ಬಗ್ಗೆ

ನಮ್ಮ ಅಜ್ಜಿ ಹೊಸ ತರಗುಪೇಟೆಯ ಮಂಡಿಗಳ ಮುಂದೆ ಕಾಳು ಗುಡಿಸುತ್ತಿದ್ದಳು. ತಾತ ಅಲ್ಲೇ ಹಮಾಲಿ. ಇಷ್ಟನ್ನು ನೇರವಾಗಿ ಬರೆಯಲು ನನಗೆ ಇಪ್ಪತ್ತೆಂಟು ವರ್ಷ ಬೇಕಾಯಿತು. ಎಂ.ಎ. ಓದುವಾಗ ಯಾರಾದರೂ ಮನೆ ಕಡೆ ವಿಚಾರಿಸಿದರೆ "ತರಗುಪೇಟೆಯಲ್ಲಿ ಧಾನ್ಯದ ಕೆಲಸದಲ್ಲಿದ್ದರು" ಅನ್ನುತ್ತಿದ್ದೆ. ಸುಳ್ಳಲ್ಲ. ಆದರೆ ಕೇಳಿದವರು ನಮ್ಮದೂ ಒಂದು ಅಂಗಡಿ ಇತ್ತೇನೋ ಅಂದುಕೊಳ್ಳಲಿ ಎಂಬ ಆಸೆ ಆ ಮಾತಿನೊಳಗೆ ಕೂತಿತ್ತು. ಧ್ವನಿ, ವ್ಯಂಗ್ಯಾರ್ಥ ಅಂತ ಕ್ಲಾಸಿನಲ್ಲಿ ಪಾಠ ಮಾಡುತ್ತೇವಲ್ಲ, ಅದನ್ನು ನಾನು ಆನಂದವರ್ಧನನಿಂದ ಕಲಿಯುವ ಮೊದಲೇ ಜಾತಿಯಿಂದ ಕಲಿತಿದ್ದೆ.

ಈ ಲೇಖನ ಅಜ್ಜಿಯ ಬಗ್ಗೆ ಅಲ್ಲ, ಕಾವ್ಯದ ಬಗ್ಗೆ. ಅಥವಾ ಎರಡನ್ನೂ ಬಿಡಿಸಿ ಬರೆಯಲು ನನ್ನಿಂದ ಆಗುತ್ತಿಲ್ಲ ಅನ್ನುವುದೇ ಸರಿ. ಈಚಿನ ವರ್ಷಗಳಲ್ಲಿ ನಮ್ಮ ಹುಡುಗರು ಹುಡುಗಿಯರು ಬರೆಯುತ್ತಿರುವ ಪದ್ಯಗಳಲ್ಲಿ ಒಂದು ಹೊಸ ಚಟ ಕಾಣುತ್ತಿದೆ. ನಾನೂ ಅದಕ್ಕೆ ಬಿದ್ದವನೇ. ಪದ್ಯ ಒಂದು ಪದದಿಂದ ಶುರುವಾಗುತ್ತದೆ. ಕವಿ ಆ ಪದದ ಮೂಲ ಹುಡುಕುತ್ತಾನೆ, ನಿಘಂಟು ತಿರುವುತ್ತಾನೆ, ಅಲ್ಲೊಂದು ಧಾತು ಸಿಗುತ್ತದೆ, ಅದರ ತುದಿಯಲ್ಲಿ ಅವ್ವನೋ ಅಜ್ಜನೋ ಕಾಣಿಸಿಕೊಳ್ಳುತ್ತಾರೆ. ಕೊನೆಯಲ್ಲಿ ಕಳೆದುಹೋದ ಒಂದು ಘನತೆ ಮರಳಿ ಬಂದಂತೆ ಆಗಿ ಪದ್ಯ ಮುಗಿಯುತ್ತದೆ.

ಈ ಹಂಬಲ ಯಾಕೆ ಹುಟ್ಟುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಬೇರೆಯವರಿಗೆ ಗೋತ್ರ ಇದೆ, ವಂಶಾವಳಿ ಇದೆ, ಏನೂ ಇಲ್ಲದಿದ್ದರೆ ಒಂದು ಜಮೀನಿನ ಪತ್ರವಾದರೂ ಇದೆ. ನಮ್ಮಲ್ಲಿ ತಾತನ ಅಪ್ಪನ ಹೆಸರು ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಫೋಟೊ ಇಲ್ಲ, ಪತ್ರ ಇಲ್ಲ. ಉಳಿದಿರುವುದು ಬಾಯಲ್ಲಿರುವ ಮಾತುಗಳು ಮಾತ್ರ. ಆ ಮಾತುಗಳನ್ನೇ ವಂಶಾವಳಿಯಂತೆ ಓದಬಾರದೇಕೆ ಎಂದು ಒಬ್ಬ ಕವಿಗೆ ಅನ್ನಿಸಿದರೆ ಅದು ತಪ್ಪಲ್ಲ. ನನ್ನ ತಕರಾರು ಇರುವುದು ಹಾಗೆ ಓದಿ ಏನನ್ನು ಪಡೆದೆವು ಎಂದುಕೊಳ್ಳುತ್ತೇವೋ ಅದರ ಬಗ್ಗೆ.

ಎಲ್ಲರಿಗೂ ಗೊತ್ತಿರುವ ಉದಾಹರಣೆಯನ್ನೇ ನೋಡೋಣ. 'ಹೊಲೆಯ' ಎಂಬ ಮಾತು 'ಹೊಲ'ದಿಂದ ಬಂತು, ಹೊಲೆಯನೆಂದರೆ ಹೊಲದ ಒಡೆಯ, ಈ ನೆಲದ ಮೊದಲ ಮಗ ಎಂಬ ವಾದ ಹೊಸದೇನಲ್ಲ. ವಸಾಹತುಶಾಹಿ ಕಾಲದ ಜಾತಿ ಗ್ರಂಥಗಳಲ್ಲೇ ಅದು ಬರುತ್ತದೆ, ನಮ್ಮ ಸಭೆಗಳಲ್ಲೂ ಪದ್ಯಗಳಲ್ಲೂ ಮತ್ತೆ ಮತ್ತೆ ಕೇಳಿಸುತ್ತದೆ. ಇನ್ನೊಂದು ಕಡೆ ನಿಘಂಟು 'ಹೊಲೆ' ಅಂದರೆ ಮೈಲಿಗೆ ಅನ್ನುತ್ತದೆ. ಹಳಗನ್ನಡದಲ್ಲಿ ಇವು ಪೊಲ ಮತ್ತು ಪೊಲೆ. ತಮಿಳಿನಲ್ಲೂ ಇದೇ ಜೋಡಿ ಇದೆ, ಪುಲಂ ಮತ್ತು ಪುಲೈ. ಎರಡೂ ಭಾಷೆಗಳಲ್ಲಿ ಹೊಲಕ್ಕೂ ಮೈಲಿಗೆಗೂ ನಡುವೆ ಇರುವುದು ಕೊನೆಯ ಒಂದು ಸ್ವಲ್ಪ ಸದ್ದು. ಕವಿಯ ಕಿವಿಗೆ ಇದಕ್ಕಿಂತ ಹೆಚ್ಚು ಇನ್ನೇನು ಬೇಕು?

ಆದರೆ ನನಗೆ ಭಯವಾಗುವುದು ಇಲ್ಲೇ. ನಾಳೆ ಒಬ್ಬ ಭಾಷಾವಿಜ್ಞಾನಿ ಬಂದು, ಇಲ್ಲಪ್ಪಾ, ಪೊಲ ಬೇರೆ ಪೊಲೆ ಬೇರೆ, ನಿಮ್ಮ ಹೆಸರು ಬಂದದ್ದು ಎರಡನೆಯದರಿಂದಲೇ ಎಂದು ಸಾಧಿಸಿದರೆ ಆಗ ಏನು ಮಾಡುವುದು? ಘನತೆಯನ್ನು ಒಂದು ಸ್ವರದ ಮೇಲೆ ನಿಲ್ಲಿಸಿದರೆ ಆ ಸ್ವರ ಜಾರಿದ ದಿನ ಘನತೆಯೂ ಜಾರಬೇಕಾಗುತ್ತದೆ. ಹೊಲದ ಒಡೆಯನಾಗಿದ್ದವನಿಗೆ ಮಾತ್ರ ಮರ್ಯಾದೆ, ಮೊದಲಿನಿಂದಲೂ ಕೂಲಿಯಾಗಿದ್ದವನಿಗೆ ಇಲ್ಲ ಎಂಬ ಒಂದು ಒಪ್ಪಂದವೂ ಈ ವಾದದೊಳಗೆ ಸದ್ದಿಲ್ಲದೆ ಸೇರಿಕೊಂಡಿದೆ. ಇದು ಯಜಮಾನನ ತಕ್ಕಡಿಯಲ್ಲೇ ನಮ್ಮನ್ನು ನಾವು ತೂಗಿಕೊಂಡಂತೆ.

ಪದವನ್ನು ಒಡೆದು ಅರ್ಥ ಹೇಳುವ ಈ ವಿದ್ಯೆ ನಿರುಕ್ತಿ. ಅದು ಯಾರ ಕೈಯಲ್ಲಿತ್ತು ಎಂಬುದನ್ನೂ ಮರೆಯಬಾರದು. ಬ್ರಹ್ಮಸೂತ್ರದ ಅಪಶೂದ್ರಾಧಿಕರಣದಲ್ಲಿ 'ಶೂದ್ರ' ಎಂಬ ಮಾತನ್ನು ಶೋಕಕ್ಕೆ ಗಂಟು ಹಾಕಿ, ದುಃಖದಿಂದ ಓಡಿಬಂದವನು ಎಂಬರ್ಥದಲ್ಲಿ ಬಿಡಿಸಲಾಗುತ್ತದೆ. ಅಲ್ಲಿ ಪದದ ಮೂಲ ಹೇಳುವುದು ಕುತೂಹಲಕ್ಕಲ್ಲ. ಶೂದ್ರನಿಗೆ ವೇದವಿದ್ಯೆಯ ಅಧಿಕಾರವಿಲ್ಲ ಎಂದು ತೀರ್ಮಾನಿಸುವ ಪ್ರಕರಣದ ನಡುವೆ ಆ ವ್ಯುತ್ಪತ್ತಿ ಬರುತ್ತದೆ. ಪದ ಒಡೆಯುವುದು ಬಾಗಿಲು ಹಾಕುವ ಕೆಲಸಕ್ಕೂ ಒದಗಿದೆ. ಅದೇ ಆಯುಧವನ್ನು ನಾವು ಎತ್ತಿಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ. ಎತ್ತಿಕೊಂಡರೆ ಅದರ ಹಿಡಿ ಯಾರ ಅಳತೆಗೆ ಮಾಡಿದ್ದು ಅನ್ನುವುದು ನೆನಪಿರಬೇಕು.

ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ. ಆ ಶೀರ್ಷಿಕೆ ಯಾವ ನಿಘಂಟಿನ ಅಪ್ಪಣೆಯನ್ನೂ ಕೇಳಲಿಲ್ಲ. ಹೊಲ ಎಂದರೇನು, ಹೊಲೆ ಎಂದರೇನು ಎಂಬ ಚರ್ಚೆಯನ್ನು ಪಕ್ಕಕ್ಕೆ ತಳ್ಳಿ, ಬೈಗುಳವಾಗಿ ಬಾಯಿಂದ ಬಾಯಿಗೆ ಓಡಾಡುತ್ತಿದ್ದ ಎರಡು ಮಾತುಗಳನ್ನು ಪುಸ್ತಕದ ಮುಖಪುಟದ ಮೇಲೆ ಕೂರಿಸಿತು. ಇದೇ ಮಾತುಗಳನ್ನು ಬೇರೆಯವರು ಅವಮಾನಿಸಲು ಬಳಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ; ನಾವೇ ಎತ್ತಿ ಹಾಡಿದರೆ ಹಾಡು. ಪದ ಒಂದೇ, ಅದರ ಬೇರು ಬದಲಾಗಿಲ್ಲ. ಆಡುವ ಬಾಯಿ ಬದಲಾಗಿದೆ. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಮಪುರದ ಬಡಾವಣೆಗಳಲ್ಲಿ ಬೆಳೆದ ಆ ಕವಿ 2021ರಲ್ಲಿ ತೀರಿಕೊಂಡರು. ಅವರ ಆತ್ಮಕಥನದ ಹೆಸರು 'ಊರುಕೇರಿ'. ಹಿಂದಿನ ಕನ್ನಡದಲ್ಲಿ 'ಕೇರಿ' ಎಂದರೆ ಬರೀ ಬೀದಿ. ತಮಿಳಿನ 'ಚೇರಿ'ಯೂ ಹಾಗೇ. ಚೋಳರ ಕಾಲದ ಅಗ್ರಹಾರಗಳಲ್ಲೂ ಚೇರಿಗಳಿದ್ದವು. ಆಮೇಲೆ ಅದು ಕಿರಿದಾಗುತ್ತಾ ಬಂದು ನಮ್ಮ ಬೀದಿಗೆ ಮಾತ್ರ ಅಂಟಿಕೊಂಡಿತು. ಪದದ ಮೂಲಕ್ಕಿಂತ ಈ ಕಿರಿದಾದ ಕತೆ ದೊಡ್ಡದು. ಒಂದು ಮಾತು ಎಲ್ಲಿಂದ ಹೊರಟಿತು ಎಂಬುದಕ್ಕಿಂತ ದಾರಿಯಲ್ಲಿ ಅದಕ್ಕೆ ಏನಾಯಿತು, ಯಾರು ಏನು ಮಾಡಿದರು ಎಂದು ಕೇಳುವುದು ನಮ್ಮ ಕೆಲಸ.

ಈಗ ನನ್ನದೇ ಪದ್ಯಕ್ಕೆ ಬರುತ್ತೇನೆ. ಬೇರೆಯವರ ಮೇಲೆ ತಕರಾರು ತೆಗೆದವನು ತನ್ನ ಗಂಟನ್ನೂ ಬಿಚ್ಚಿ ತೋರಿಸಬೇಕಲ್ಲ.

ಮೊದಲು ನನ್ನನ್ನು ಸೆಳೆದದ್ದು 'ತರಗು'. ಕನ್ನಡದಲ್ಲಿ ತರಗು ಎಂದರೆ ಒಣಗಿ ಉದುರಿದ ಎಲೆ. ತಮಿಳಿನಲ್ಲಿ ತರಗು ಎಂದರೆ ದಲ್ಲಾಳಿಯ ಕಮಿಷನ್ನು, ತರಗರ್ ಎಂದರೆ ದಲ್ಲಾಳಿ. ದವಸದ ದಲ್ಲಾಳಿ ವ್ಯಾಪಾರಕ್ಕೆ ಹೆಸರಾದ ಪೇಟೆಗೆ ಎರಡನೆಯ ಅರ್ಥವೇ ಒಗ್ಗುತ್ತದೆ. ಆದರೆ ಗುಡಿಸುವವಳ ಮೊಮ್ಮಗನಿಗೆ ಮೊದಲ ಅರ್ಥವನ್ನು ಬಿಡಲು ಮನಸ್ಸು ಬರಲಿಲ್ಲ. ಒಂದೇ ಹೆಸರಿನೊಳಗೆ ಮೇಲೆ ದಲ್ಲಾಳಿ, ಕೆಳಗೆ ಕಸ. ಅದನ್ನಿಟ್ಟುಕೊಂಡು ಹತ್ತು ಸಾಲು ಬರೆದೆ, ಹರಿದುಹಾಕಿದೆ. ಆ ಸುತ್ತಿನ ಪೇಟೆಗಳ ಹೆಸರನ್ನೇ ನೋಡಿ. ಅಕ್ಕಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ. ಸರಕಿಗೆ ಹೆಸರಿದೆ, ಕಸುಬಿಗೆ ಹೆಸರಿದೆ, ಸರಕನ್ನು ಹೊತ್ತವನಿಗೆ, ಚೆಲ್ಲಿದ್ದನ್ನು ಗುಡಿಸಿದವಳಿಗೆ ಒಂದು ಪೇಟೆ ನನಗೆ ಕಾಣಲಿಲ್ಲ. 'ಹಮಾಲಿ' ಅರಬ್ಬಿಯಿಂದ ಬಂದ ಮಾತು, ಹೊರುವುದು ಎಂಬರ್ಥದ ಧಾತುವಿನಿಂದ. 'ದಲ್ಲಾಳಿ'ಯೂ ಅರಬ್ಬಿಯೇ. 'ಗೋಣಿ' ಹಡಗು ಹತ್ತಿ ಇಂಗ್ಲಿಷಿಗೆ ಹೋಗಿ 'ಗನ್ನಿ' ಆಯಿತು. ನಮ್ಮ ತಾತನ ಬೆನ್ನ ಮೇಲಿದ್ದ ಪದಗಳೆಲ್ಲ ಲೋಕ ಸುತ್ತಿ ಬಂದಿವೆ. ತಾತ ಮಾತ್ರ ಮಾಗಡಿ ರಸ್ತೆಯಿಂದ ತರಗುಪೇಟೆಗೆ, ತರಗುಪೇಟೆಯಿಂದ ಮಾಗಡಿ ರಸ್ತೆಗೆ.

ಆಮೇಲೆ ಸಿಕ್ಕಿದ್ದು 'ದಲ್'. ಸಂಸ್ಕೃತದಲ್ಲಿ ದಲ್ ಎಂದರೆ ಸೀಳು, ಬಿರಿ, ಒಡೆ. ಹೂವಿನ ದಳ ಅದರಿಂದಲೇ. ಒಡೆದ ಕಾಳಾದ ಹಿಂದಿಯ 'ದಾಲ್' ಅದರಿಂದಲೇ. 'ದಲಿತ'ವೂ ಅದರಿಂದಲೇ. ತೊಗರಿಬೇಳೆ, ಕಡಲೆಬೇಳೆ, ಉದ್ದಿನಬೇಳೆ ಮೂಟೆ ಮೂಟೆ ಇಳಿಯುವ ಬೀದಿಯಲ್ಲಿ ಚೆಲ್ಲಿದ ಬೇಳೆ ಗುಡಿಸಿದ ಹೆಂಗಸಿನ ಮೊಮ್ಮಗ ನಾನು. ದಾಲ್ ಮತ್ತು ದಲಿತ ಒಂದೇ ಬೇರಿನ ಮಾತುಗಳು ಎಂದು ತಿಳಿದ ರಾತ್ರಿ ನಿದ್ದೆ ಬರಲಿಲ್ಲ. ಪದ್ಯ ಒಂದೇ ಉಸಿರಿಗೆ ಬಂತು. ಒಂದು ಕವಿಗೋಷ್ಠಿಯಲ್ಲಿ ಓದಿದೆ, ಚಪ್ಪಾಳೆ ಬಿತ್ತು. ಹಿರಿಯರೊಬ್ಬರು ಬಂದು ಕೈ ಕುಲುಕಿದರು. ಅಂಬೇಡ್ಕರ್ 1948ರ ತಮ್ಮ ಗ್ರಂಥದಲ್ಲಿ ಅಸ್ಪೃಶ್ಯರನ್ನು ಸೋತು ಒಡೆದ ಬುಡಕಟ್ಟುಗಳಿಂದ ಚದುರಿ ಊರ ಹೊರಗೆ ನೆಲೆಸಿದವರು ಎಂದು ವಿವರಿಸಿದ್ದನ್ನೂ, 1972ರಲ್ಲಿ ಮುಂಬಯಿಯ ಹುಡುಗರು ದಲಿತ್ ಪ್ಯಾಂಥರ್ಸ್ ಕಟ್ಟಿದ್ದನ್ನೂ ಆ ಪದ್ಯಕ್ಕೆ ಜೋಡಿಸಿ ನಾನೇ ಒಂದು ಪುಟ್ಟ ಭಾಷಣ ಬಿಗಿದೆ.

ಮನೆಗೆ ಬಂದು ಅಜ್ಜಿಗೆ ಓದಿದೆ. ಆಗಿನ್ನೂ ಇದ್ದಳು. ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಅಲ್ಲ ಕಣಪ್ಪಾ, ಬೇಳೆ ಒಡ್ದಂಗೆ ನಾವೂ ಒಡ್ದೋದೊ ಅಂತ ಬರ್ದಿದ್ದೀಯ. ಒಡ್ದಿದ್ ಬೇಳೇನ ಆಯ್ಕಂಬಂದು ನಿಮ್ಮಪ್ಪನ್ನ ಸಾಕ್ದೋಳು ನಾನು. ನಾನೆಲ್ಲಿ ಒಡ್ದೋಗಿದ್ದೆ?"

ಇಷ್ಟು ಕಟುವಾದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ. ದಲಿತ ಎಂಬ ಮಾತಿನ ರಾಜಕೀಯ ಶಕ್ತಿ ನನಗೆ ಗೊತ್ತು, ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆ ಮಾತಿಗೆ ಬಲ ಬಂದದ್ದು ಅದನ್ನು ಹೆಗಲ ಮೇಲೆ ಹೊತ್ತು ಬೀದಿಗಿಳಿದವರಿಂದ, ದಲ್ ಧಾತುವಿನಿಂದಲ್ಲ. ನಾನು ನನ್ನ ಪದ್ಯದಲ್ಲಿ ಚಳವಳಿಯನ್ನು ಬಿಟ್ಟು ಧಾತುವನ್ನು ಹಿಡಿದಿದ್ದೆ. ಅದರಿಂದಾಗಿ ದುಡಿದು ಗೆದ್ದ ಒಬ್ಬ ಹೆಂಗಸು ಪದ್ಯದೊಳಗೆ ಒಡೆದ ಕಾಳಾಗಿ ಬಿದ್ದಿದ್ದಳು. ಗುಡಿಸುವವಳನ್ನೇ ನಾನು ಕಸದ ಜೊತೆ ಗುಡಿಸಿಬಿಟ್ಟಿದ್ದೆ.

ಅವಳ ಬಾಯಲ್ಲಿದ್ದ ಮಾತು ದಾಲ್ ಅಲ್ಲ, ದಲಿತವೂ ಅಲ್ಲ. ಬೇಳೆ, ನುಚ್ಚು, ಮಣ್ಗಾಳು. ನುಚ್ಚು ಎಂದರೆ ಒಡೆದ ಅಕ್ಕಿ. ಒಂದು ವಸ್ತು ಚೂರುಚೂರಾದರೆ ನುಚ್ಚುನೂರಾಯಿತು ಅನ್ನುತ್ತೇವೆ. 'ದಲಿತ'ಕ್ಕೆ ಅಚ್ಚಗನ್ನಡ ಬೇಕು ಅನ್ನುವವರಿಗೆ ಇಲ್ಲಿದೆ ನೋಡಿ ಎಂದು ಇನ್ನೊಂದು ಪದ್ಯ ಹೊಸೆಯಬಹುದು. ಬೇಡ. ನುಚ್ಚಿನ ಅನ್ನ ಮೆತ್ತಗೆ, ಬೇಗ ಬೇಯುತ್ತದೆ, ಸೌದೆ ಕಮ್ಮಿ ಸಾಕು. ಅಜ್ಜಿಗೆ ನುಚ್ಚು ಎಂದರೆ ಇಷ್ಟು. ಮಣ್ಗಾಳು ನಾನು ನೋಡಿದ ನಿಘಂಟುಗಳಲ್ಲಿ ಸಿಗಲಿಲ್ಲ. ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟು ತಂದಿತು. ತರಗುಪೇಟೆಯಿಂದ ಅಲ್ಲಿಗೆ ನಡೆದೇ ಹೋಗಬಹುದು. ಆ ವಿದ್ವಾಂಸರ ದುಡಿಮೆಯನ್ನು ಹಗುರ ಮಾಡಲು ಇದನ್ನು ಹೇಳುತ್ತಿಲ್ಲ; ನಾನು ದಿನವೂ ಅದರಲ್ಲೇ ಅನ್ನ ತಿನ್ನುವ ಮೇಷ್ಟ್ರು. ದೂರ ಮೈಲಿಗಳಲ್ಲಿ ಇರಲಿಲ್ಲ ಅನ್ನುತ್ತಿದ್ದೇನೆ ಅಷ್ಟೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರಲು ಸಾಧ್ಯವಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದೇ ಅವಳ ಗಂಡ ಮಾರಯ್ಯನ ಕಾಯಕ. ಕಸುಬೇ ಹೆಸರಾಗಿ ಸಾಹಿತ್ಯದಲ್ಲಿ ನಿಂತ ದಂಪತಿ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಇದು ಆಸೆಯಲ್ಲವೇ ಎಂದು ಕೇಳಿ ವಾಪಸು ಸುರಿದು ಬರಲು ಕಳಿಸುತ್ತಾಳೆ. ವಚನ ಸಾಹಿತ್ಯದಲ್ಲಿ ಇಷ್ಟು ದಿಟ್ಟ ಹೆಂಡತಿ ಕಡಿಮೆ. ಗುರುವಿಗೂ ಗಂಡನಿಗೂ ಲೆಕ್ಕ ಒಪ್ಪಿಸಲು ಹೇಳುವ ಧೈರ್ಯ ಅವಳದು. ಆದರೆ ಈ ಪ್ರಸಂಗವನ್ನು ತರಗತಿಯಲ್ಲಿ ಪಾಠ ಮಾಡುವಾಗ ನನ್ನ ನಾಲಿಗೆ ತಡವರಿಸುತ್ತದೆ. ನಮ್ಮ ಪಠ್ಯಗಳು, ಭಾಷಣಗಳು ಇದರಿಂದ ತೆಗೆದ ಪಾಠ ಒಂದೇ: ಬಡವರು ಸಾಕಾಗುವಷ್ಟೇ ಆಯಬೇಕು. ಅಕ್ಕಿ ಅಂಗಳಕ್ಕೆ ಚೆಲ್ಲುವಷ್ಟು ಒಬ್ಬರ ಮನೆಯಲ್ಲಿ ಯಾಕಿತ್ತು, ಆಯುವಷ್ಟು ಇನ್ನೊಬ್ಬರ ಮನೆಯಲ್ಲಿ ಯಾಕಿರಲಿಲ್ಲ ಎಂದು ಕೇಳಿದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಅಂಕ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಈ ಕತೆಯನ್ನು ಅಜ್ಜಿಗೆ ಹೇಳಿದ್ದೆ. ಬಾಯಿಗೆ ಸೆರಗು ಹಿಡಿದು ನಕ್ಕಳು. ವಾಪಸ್ಸು ಕೊಟ್ರೆ ಸಾವ್ಕಾರ ಮತ್ತೆ ಮೂಟೆಗೆ ತುಂಬ್ಕಂತಾನೆ ಅಷ್ಟೆ ಅಂದಳು. ಆಮೇಲೆ, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದಳು: "ನಿಮ್ಮ ತಾತನ ಕೊಕ್ಕೆ ಒಸಿ ಆಳಕ್ಕೇ ಇಳೀತಿತ್ತು ಕಣಪ್ಪ."

ಹಮಾಲಿ ಮೂಟೆ ಎಳೆಯುವುದು ಕಬ್ಬಿಣದ ಕೊಕ್ಕೆಯಿಂದ. ಕೊಕ್ಕೆ ಚುಚ್ಚಿದ ಕಡೆ ಗೋಣಿಯ ಎಳೆ ಸಡಿಲಾಗಿ ಕಾಳು ಸೋರುತ್ತದೆ. ಲಾರಿಯಿಂದ ಮಂಡಿಯವರೆಗೆ ಆ ಸೋರಿದ ಗೆರೆ. ಅದೇ ಗೆರೆಯ ಮೇಲೆ ಅಜ್ಜಿಯ ಪೊರಕೆ. ಎಷ್ಟು ಆಳಕ್ಕೆ ಚುಚ್ಚಿದರೆ ಮನೆಗೆ ಒಂದು ಹೊತ್ತು, ಎಷ್ಟು ಚುಚ್ಚಿದರೆ ಮೇಸ್ತ್ರಿಯ ಕಣ್ಣಿಗೆ ಬೀಳುತ್ತದೆ ಎಂಬ ಲೆಕ್ಕ ತಾತನ ಮಣಿಕಟ್ಟಿನಲ್ಲಿತ್ತು. ಇದು ಕಳ್ಳತನವೇ? ಕಾಯಕವೇ? ದಾಂಪತ್ಯವೇ? ಲಕ್ಕಮ್ಮನ ವಚನದಲ್ಲಿ ಇದಕ್ಕೆ ಜಾಗವಿಲ್ಲ, ನನ್ನ ದಲ್ ಧಾತುವಿನ ಪದ್ಯದಲ್ಲೂ ಇರಲಿಲ್ಲ. ಒಂದೊಮ್ಮೆ ಸಿಕ್ಕಿಬಿದ್ದು ಒಂದು ಮಂಡಿಯವರು ಒಂದು ತಿಂಗಳು ಕೆಲಸಕ್ಕೆ ಸೇರಿಸಲಿಲ್ಲವಂತೆ. ಆ ತಿಂಗಳು ಏನು ತಿಂದಿರಿ ಎಂದು ಕೇಳಿದೆ. ಅಜ್ಜಿ ಮಾತು ಬದಲಿಸಿದಳು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಆದ ಗಲಾಟೆ ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಬಸವಲಿಂಗಪ್ಪನವರ ಸಚಿವ ಸ್ಥಾನ ಹೋಯಿತು, ದಲಿತ ಸಾಹಿತ್ಯಕ್ಕೂ ಸಂಘಟನೆಗೂ ಒಂದು ತಿರುವು ಸಿಕ್ಕಿತು. ನನಗೆ ಕುತೂಹಲವಿರುವುದು ಆ ಒಂದು ಪದದ ಬಗ್ಗೆ. ಬೂಸಾ ದವಸದ ಬೀದಿಯ ಮಾತು. ಸಂಸ್ಕೃತದ 'ಬುಸ' ಎಂದರೆ ಹೊಟ್ಟು. ಸಾಹಿತ್ಯಿಕ ಮಹನೀಯರಿಗೆ ಅದು ಬೈಗುಳವಾಗಿ ಕೇಳಿಸಿತು. ಎಮ್ಮೆ ಕಟ್ಟಿದವರಿಗೆ ಬೂಸಾ ಬೈಗುಳವಲ್ಲ, ದುಡ್ಡು ಕೊಟ್ಟು ತರುವ ಮೇವು. ಆ ದಿನಗಳಲ್ಲೇ ತಾತ ತರಗುಪೇಟೆಯಲ್ಲಿ ಬೂಸಾ ಮೂಟೆಯನ್ನೂ ಹೊತ್ತಿರುತ್ತಾನೆ. ಕಾಳು, ಬೇಳೆ, ನುಚ್ಚು, ತೌಡು, ಹೊಟ್ಟು, ಜಳ್ಳು, ಬೂಸಾ: ಒಂದು ಬೀದಿ ಎಷ್ಟು ಸೂಕ್ಷ್ಮವಾಗಿ ತಾರತಮ್ಯ ಮಾಡುತ್ತದೆ! ಇವುಗಳಲ್ಲಿ ಯಾವುದು ಯಾರ ತಟ್ಟೆಗೆ, ಯಾವುದು ಯಾರ ಗೊಂತಿಗೆ ಎಂದು ಬರೆದರೆ ಅದೇ ಬೆಂಗಳೂರಿನ ಒಂದು ಸಾಮಾಜಿಕ ಚರಿತ್ರೆ.

ಬೆಂಗಳೂರು ಎಂಬ ಹೆಸರಿಗೇ ಕಾಳಿನ ಕತೆಯೊಂದು ಅಂಟಿಕೊಂಡಿದೆ. ಕಾಡಿನಲ್ಲಿ ದಾರಿ ತಪ್ಪಿದ ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಬೆಂಗಳೂರಾಯಿತು ಎಂದು. ಬೇಗೂರಿನ ಶಾಸನ ಕ್ರಿ.ಶ. 900ರ ಸುಮಾರಿನದು, ಹೊಯ್ಸಳ ಬಲ್ಲಾಳರಿಗಿಂತ ಹಿಂದಿನದು. ಅದರಲ್ಲಿ ಆಗಲೇ ಬೆಂಗಳೂರಿನ ಹೆಸರಿದೆ. ಅಂದಮೇಲೆ ವ್ಯುತ್ಪತ್ತಿ ಸುಳ್ಳು. ಆದರೂ ಕತೆ ಸತ್ತಿಲ್ಲ. ನನಗೆ ಅದರಲ್ಲಿ ಕಾಣುವುದು ಇಷ್ಟು: ರಾಜನಿಗೆ ಹೆಸರಿದೆ, ಊರಿಗೆ ಹೆಸರಾಯಿತು, ಕಾಳು ಬೇಯಿಸಿ ಕೊಟ್ಟವಳಿಗೆ ಹೆಸರಿಲ್ಲ. ಕವಿಗೆ ಬೇಕಾದದ್ದು ಬೆಂಗಳೂರು ಪದದ ನಿಜವಾದ ಮೂಲವಲ್ಲ. ಅವಳಿಗೆ ಆ ಕಾಳು ಎಲ್ಲಿಂದ ಬಂತು, ಕೊಟ್ಟ ಮೇಲೆ ಆ ರಾತ್ರಿ ಅವಳ ಪಾಲಿಗೆ ಉಳಿಯಿತೇ ಎಂಬ ಪ್ರಶ್ನೆ.

ನಮ್ಮಲ್ಲಿ ಈ ದಾರಿ ತೋರಿಸಿದವರು ಇಲ್ಲದೆ ಇಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ' (1984) ಒಂದು ಪದದ ಮೂಲವನ್ನೂ ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ. ಆ ಸೀಮೆಯ ಜನ ಆಡುವ ಹಾಗೆ ಮಾತು ಬರುತ್ತದೆ, ಅದರ ಹಿಂದೆ ಇಡೀ ಕುಲದ ನೆನಪು ತಾನಾಗಿ ನಡೆದು ಬರುತ್ತದೆ. ಮಾದಾರ ಚೆನ್ನಯ್ಯನ ಅಂಕಿತವನ್ನು ನೋಡಿ, ಉಳಿ, ಕತ್ತಿ, ಅಡಿಗೂಂಟ ಎಂದು ಚರ್ಮದ ಕೆಲಸದ ಸಲಕರಣೆಗಳೇ ಅದರಲ್ಲಿ ಸೇರಿವೆ. ಕೈಯಲ್ಲಿದ್ದದ್ದನ್ನೇ ಆತ ಅಂಕಿತಕ್ಕೆ ಹೊಲಿದ. ಮರಾಠಿಯ ನಾಮದೇವ ಢಸಾಳರ 'ಗೋಲಪೀಠಾ' (1972)ಕ್ಕೆ ಮುನ್ನುಡಿ ಬರೆದವರು ವಿಜಯ ತೆಂಡೂಲ್ಕರ್. ಅಲ್ಲಿನ ಎಷ್ಟೋ ಮಾತುಗಳಿಗೆ ಮಧ್ಯಮವರ್ಗದ ಓದುಗರಿಗೆ ಅರ್ಥ ಹೇಳಿಕೊಡಬೇಕಾಯಿತು. ಅರ್ಥ ಕೇಳಬೇಕಾದವರು ಅವರು, ಕವಿಯಲ್ಲ. ನಮ್ಮ ಹೊಸ ಪದ್ಯಗಳಲ್ಲಿ ಇದು ತಿರುಗುಮುರುಗಾಗುತ್ತಿದೆ. ನಮ್ಮ ಮನೆಯ ಮಾತಿಗೆ ನಾವೇ ಅರ್ಥ ಹುಡುಕಿಕೊಂಡು ಬೇರೆಯವರ ಮನೆಯ ಕಪಾಟಿಗೆ ಹೋಗುತ್ತಿದ್ದೇವೆ.

ಹಾಗೆಂದು ನಿಘಂಟು ಮುಚ್ಚಿಡಿ ಎಂದರೆ ನಾನೇ ಸುಳ್ಳುಗಾರನಾಗುತ್ತೇನೆ. ದಲ್ ಧಾತು ಸಿಗದೆ ಇದ್ದಿದ್ದರೆ ನಾನು ಆ ಪದ್ಯ ಬರೆಯುತ್ತಿರಲಿಲ್ಲ, ಅಜ್ಜಿಯ ಮುಂದೆ ಓದುತ್ತಿರಲಿಲ್ಲ, ಕೊಕ್ಕೆಯ ಮಾತು ಅವಳ ಬಾಯಿಂದ ಹೊರಡುತ್ತಲೇ ಇರಲಿಲ್ಲ. ಸೋತ ಪದ್ಯದಿಂದ ಸಿಕ್ಕ ಲಾಭ ಇದು. ಮೊನ್ನೆ ನನ್ನ ತರಗತಿಯ ಹುಡುಗನೊಬ್ಬ ಒಂದು ಪದ್ಯ ತಂದು ತೋರಿಸಿದ. ಅವರವ್ವ ಕೇರಿಯಲ್ಲಿ ಮೊರ ಹಿಡಿದು ಕೇರುವ ಚಿತ್ರ. ಕೇರಿ, ಕೇರು ಒಂದೇ ಮೂಲ ಎಂದು ಅವನ ವಾದ. ಅಲ್ಲವಪ್ಪಾ, ದನಿ ಒಂದೇ, ಬೇರು ಬೇರೆ ಎಂದೆ. ಅವನ ಮುಖ ಸಣ್ಣದಾಯಿತು. ಹಾಗಾದ್ರೆ ಹರಿದುಹಾಕ್ಲಾ ಸಾರ್ ಅಂದ. ನಿಮ್ಮವ್ವ ಏನನ್ನು ಕೇರ್ತಾ ಇದ್ರು, ಯಾರ ಮನೇದು, ಕೂಲಿ ಏನು ಕೊಡ್ತಿದ್ರು, ಹೋಗಿ ಕೇಳಿಕೊಂಡು ಬಾ ಎಂದು ಕಳಿಸಿದೆ. ಇನ್ನೂ ಬಂದಿಲ್ಲ.

ಮೊರ ನಮ್ಮ ಮನೆಯಲ್ಲೂ ಇತ್ತು. ಗುಡಿಸಿ ತಂದದ್ದನ್ನು ಅಜ್ಜಿ ಮೊದಲು ಕೇರುತ್ತಿದ್ದಳಂತೆ. ಧೂಳು, ಗೋಣಿಯ ನಾರು, ಬೀಡಿ ತುಂಡು ಮುಂದಕ್ಕೆ ಹಾರಿಹೋಗುತ್ತಿದ್ದವು. ಆಮೇಲೆ ನೀರಿಗೆ ಹಾಕಿ ಗಾಳಿಸಿದರೆ ಕಲ್ಲು ತಳಕ್ಕೆ. ಇಲಿ ಹಿಕ್ಕೆಯನ್ನು ಮಾತ್ರ ಒಂದೊಂದಾಗಿ ಕೈಯಲ್ಲೇ ಆಯಬೇಕಿತ್ತು, ಅದಕ್ಕೆ ಮಕ್ಕಳ ಕಣ್ಣು ಬೇಕು. ಅಪ್ಪ ಆ ಕೆಲಸ ಮಾಡಿದ್ದಾರೆ. ಈಗಲೂ ಊಟಕ್ಕೆ ಕೂತರೆ ಮೊದಲು ಅನ್ನವನ್ನು ಬೆರಳಿನಿಂದ ಒಮ್ಮೆ ಕೆದಕಿ ನೋಡುತ್ತಾರೆ. ತಾತನ ಕೊಕ್ಕೆ ಅಡಿಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗಿದೆ. ಅಮ್ಮ ಅದಕ್ಕೆ ತರಕಾರಿ ಚೀಲ ನೇತುಹಾಕುತ್ತಾಳೆ.